ಅಳಿಯನ ಬೆಣ್ಣೆಹಣ್ಣಿನ ಗಿಡ

ಚಿತ್ತೆ ಮಳೆ ಹಿಡಿದುಕೊಂಡ ಒಂಬತ್ತನೆಯ ದಿನಕ್ಕೆ ಮುರಳಿಮೋಹನನ ಹಿತ್ತಿಲಿನ ಮೂರು ಬೆಣ್ಣೆಹಣ್ಣಿನ ಗಿಡಗಳೂ ಎಲೆ ಉದುರಿಸಿ ನಿಂತವು. ಮಗಳು ಪ್ರಿಯಾಂಕ ಫೋನಿನಲ್ಲಿ ಸುದ್ದಿ ಹೇಳಿದಾಗ ನಾರಾಯಣಮ್ಮನಿಗೆ ಒಳಗೊಳಗೇ ಹಿತವಾಯಿತು. ಆ ದಿನವೇ ಸಾದಲಿಯಿಂದ ಬಸ್ಸು ಹತ್ತಿದಳು.

ಸರ್ಕಾರಿ ನರ್ಸರಿಯಲ್ಲಿ ಮೂವತ್ತೊಂದು ವರ್ಷ ಕಸಿ ಕಟ್ಟಿದ ಕೈ ಅವಳದು. ಅಳಿಯ ಮುರಳಿಮೋಹನ ಶಿಡ್ಲಘಟ್ಟದಲ್ಲಿ ಕಾಮರ್ಸ್ ಲೆಕ್ಚರರು. ಹೊಸ ಮನೆಯ ಹಿತ್ತಿಲಿಗೆ ಗಿಡ ಆರಿಸುವಾಗ ಅತ್ತೆಯನ್ನು ಒಂದು ಮಾತು ಕೇಳದೆ ಯೂಟ್ಯೂಬನ್ನು ಕೇಳಿದ್ದ. ಆ ಅವಮಾನವನ್ನು ಅವಳು ಮರೆತಿರಲಿಲ್ಲ.

"ಏನಪ್ಪ, ಇದಕ್ಕೆ ನಿಮ್ಮ ಫೋನು ಏನು ಔಷಧಿ ಹೇಳ್ತು?" ಎಂದಳು, ಚಪ್ಪಲಿ ಬಿಡುವ ಮುಂಚೆಯೇ.

ಮುರಳಿಮೋಹನ ನಕ್ಕ. ಚುಚ್ಚಿದರೂ ನಗುವ ಆ ಸ್ವಭಾವವೇ ಅವಳಿಗೆ ಆಗದು. "ಒಂದು ಗಿಡ ಕಿತ್ತು ನೋಡ್ದೆ ಅತ್ತೆ. ಗುಂಡಿ ತುಂಬ ನೀರು, ಕೆಟ್ಟ ವಾಸ್ನೆ. ಅಡೀಲಿ ಬರೀ ಜೇಡಿಮಣ್ಣು, ನೀರು ಇಳೀತಾನೇ ಇಲ್ಲ."

"ಮಳೇಲಿ ಗುಂಡಿಗೆ ನೀರು ಬರ್ದೆ ಮಜ್ಜಿಗೆ ಬರುತ್ತಾ? ಗಿಡ ಬದಲಾಯಿಸ್ಬೇಕು, ಅಷ್ಟೆ. ನಡೀರಿ, ನಾನು ಆರಿಸಿ ಕೊಡ್ತೀನಿ."

ಗುಂಡಿಯ ಹತ್ತಿರಕ್ಕೂ ಅವಳು ಹೋಗಲಿಲ್ಲ.

ಮಂಡಿಕಲ್ ರಸ್ತೆಯ ನರ್ಸರಿಯಲ್ಲಿ ಅಳಿಯ ಮಿಂಚುವ ಎಲೆಗಳನ್ನು ಸವರುತ್ತ ನಿಂತಿದ್ದರೆ, ಅವಳು ಪ್ರತಿ ಗಿಡದ ಕಸಿಯ ಗಂಟನ್ನು ಹೆಬ್ಬೆರಳಿನಲ್ಲಿ ಒತ್ತಿ ನೋಡಿದಳು. ಎಲೆ ನೋಡಿ ಮರುಳಾಗುವವನು ಮಕ್ಕಳಿಗೆ ಅದೇನು ಪಾಠ ಮಾಡುತ್ತಾನೋ ಎನ್ನಿಸಿತು. ಮೂರು ಸಪೋಟ ಕಸಿ ಆರಿಸಿದಳು. ಅವನು ಹೊರಡುವಾಗ ಮತ್ತೊಂದು ಬೆಣ್ಣೆಹಣ್ಣಿನ ಗಿಡ ಎತ್ತಿಕೊಂಡ. ನಾಚಿಕೆಯಿಲ್ಲದವನು!

ಸಪೋಟಗಳು ಹಳೆಯ ಗುಂಡಿಗಳಿಗೇ ಇಳಿದವು.

"ಅದೇ ಗುಂಡೀಗಾ ಅತ್ತೆ?" ಎಂದ ಅಳಿಯ.

"ಗುಂಡಿ ನಿಮಗೇನು ತಪ್ಪು ಮಾಡಿದೆ?"

ಅವನು ಜಿಟಿಜಿಟಿ ಮಳೆಯಲ್ಲೇ ಹಿತ್ತಿಲಿನ ಮೂಲೆಗೆ ಬಾಂಡ್ಲಿಯಲ್ಲಿ ಕೆಮ್ಮಣ್ಣು ಹೊತ್ತು, ಮೊಣಕಾಲೆತ್ತರ ಗುಡ್ಡೆ ಹಾಕಿ, ಅದರ ನೆತ್ತಿಯ ಮೇಲೆ ತನ್ನ ಗಿಡ ನೆಟ್ಟ. ನಾರಾಯಣಮ್ಮ ಅಡುಗೆಮನೆ ಕಿಟಕಿಯಿಂದ ನೋಡಿ, "ನಿನ್ನ ಗಂಡ ಗಿಡಕ್ಕೆ ಗದ್ದುಗೆ ಕಟ್ಟಿದಾನೆ ಕಣೇ, ಮಂಗಳಾರತಿ ಮಾಡು ಹೋಗು" ಎಂದು ಮಗಳಿಗೆ ಹೇಳಿ ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು. ಊರಿಗೆ ಹೋಗಿ ಅಕ್ಕಪಕ್ಕದವರಿಗೂ ಹೇಳಿ ನಗಿಸಿದಳು.

ಸ್ವಾತಿ ಮಳೆಯೂ ಬಿಡದೆ ಹೊಡೆಯಿತು. ಅದು ಮುಗಿದ ಮೇಲೆ ಬಂದು ನೋಡಿದರೆ ಎರಡು ಸಪೋಟ ಒಣಗಿದ್ದವು, ಮೂರನೆಯದು ಹಳದಿ ತಿರುಗಿತ್ತು. ಯಾರೂ ನೋಡುತ್ತಿಲ್ಲವೆಂದುಕೊಂಡು ಕುಕ್ಕರಗಾಲಲ್ಲಿ ಕೂತು ಬುಡದ ಮಣ್ಣಿಗೆ ಬೆರಳು ಹಾಕಿದಳು. ಕೊಳೆತ ನೀರಿನ ನಾತ ಮೂಗಿಗೆ ಬಡಿಯಿತು. ನರ್ಸರಿಯಲ್ಲಿ ಮಡಿ ಎತ್ತರಿಸಿ ನೀರಿಗೆ ದಾರಿ ಮಾಡುತ್ತಿದ್ದವರು ಬೇರೆ ಆಳುಗಳು. ಅವರನ್ನೂ ಅವಳು ಮಣ್ಣು ಹೊರುವವರೆಂದು ಕಡೆಗಣಿಸಿದವಳೇ. ಗುಡ್ಡೆಯ ಮೇಲಿನ ಗಿಡವಾದರೋ ತಾಮ್ರದ ಬಣ್ಣದ ಚಿಗುರು ಬಿಟ್ಟಿತ್ತು.

ತಿರುಗಿದರೆ ಹಿಂದೆ ಅಳಿಯ ನಿಂತಿದ್ದ. ಅವನು ಏನೂ ಹೇಳಲಿಲ್ಲ. ಒಂದು ಮಾತು ಆಡಿದ್ದರೆ ಅವಳು ಹತ್ತು ಆಡುತ್ತಿದ್ದಳು. ಅದಕ್ಕೂ ಯೋಗ್ಯತೆ ಇಲ್ಲದವನು!

"ಏನಪ್ಪ, ಗುಡ್ಡೆ ವಾರೆ ಹಾಕಿದೀರಿ. ಎಡಗಡೆ ಮಣ್ಣು ಕೊಚ್ಚಿ ಹೋಗ್ತಾ ಇದೆ" ಎಂದಳು.

"ಹೌದತ್ತೆ, ನನಗೆ ಸರಿಯಾಗಿ ಬರಲ್ಲ."

"ಉಳಿದಿರೋ ಸಪೋಟಾನ ಮೇಲಕ್ಕೆತ್ತಿ ಇಂಥದೇ ಗುಡ್ಡೆ ಮೇಲೆ ಇಡಣ. ಗುದ್ದಲಿ ತನ್ನಿ. ಈ ಸಲ ನಾನು ಹೇಳ್ದಂಗೆ ಮಾಡಿ."

ಅವನು ಹೂಂ ಎಂದು ಗುದ್ದಲಿ ತರಲು ಓಡಿದ. ಇಂಥವನ ಜೊತೆ ಮಗಳು ಹೇಗೆ ಬಾಳುವೆ ಮಾಡುತ್ತಾಳೋ ಎಂದು ಗೊಣಗುತ್ತ ನಾರಾಯಣಮ್ಮ ಸೆರಗು ಸಿಕ್ಕಿಸಿಕೊಂಡು, ಜಾರಿದ ಕೆಮ್ಮಣ್ಣನ್ನು ಬೊಗಸೆಯಲ್ಲಿ ತುಂಬಿ ಗುಡ್ಡೆಗೆ ಒತ್ತತೊಡಗಿದಳು.