ವೆಂಡೆಲ್ ಹೆಸರಿನ ಕಾರ್ಡು

ನಮ್ಮ ಹೆಂಡರ್ಸನ್ ಊರಿನಲ್ಲಿ ಗಂಡ ತೀರಿಕೊಂಡ ಹೆಂಗಸರು ಬೆಳಗ್ಗೆ ಎದ್ದು ಎಲ್ಲಿಗೆ ಹೋಗುತ್ತಾರೆ ಎಂದು ಯಾರೂ ಕೇಳುವುದಿಲ್ಲ. ಎಲ್ಲರಿಗೂ ಗೊತ್ತು. ಕ್ಯಾಸಿನೊದಲ್ಲಿ ತಂಪಿದೆ, ಆಡುತ್ತ ಕೂತವರಿಗೆ ಕಾಫಿ ಪುಕ್ಕಟೆ.

ಡೊರೀನ್ ಕೂಡ ಹೋಗುತ್ತಿದ್ದಳು. ಯಾರು ಎಷ್ಟು ಆಡಿದರೆಂದು ಲೆಕ್ಕವಿಡಲು ಕ್ಯಾಸಿನೊದವರು ಕೊಡುವ ಸದಸ್ಯತ್ವದ ಕಾರ್ಡು ತೂರಿಸಿದ ಕೂಡಲೇ ಪೋಕರ್ ಯಂತ್ರದ ಪರದೆಯ ಮೇಲೆ "ಬನ್ನಿ ವೆಂಡೆಲ್" ಎಂದು ಮೂಡುತ್ತಿತ್ತು. ವೆಂಡೆಲ್ ಅವಳ ಗಂಡ, ಹೋದ ವರ್ಷ ತೀರಿಕೊಂಡವನು. ಬ್ಯಾಂಕು, ಫೋನು, ಕರೆಂಟ್ ಬಿಲ್ಲು, ಎಲ್ಲ ಕಡೆ ಅವನ ಹೆಸರು ತೆಗೆಸಿದ್ದಾಗಿತ್ತು. ಅವನು ಇದ್ದಾನೆಂದು ನಂಬಿದ್ದುದು ಆ ಯಂತ್ರವೊಂದೇ. ಅದಕ್ಕೇ ಅವಳು ಅವನ ಕಾರ್ಡಿನಲ್ಲೇ ಆಡುತ್ತಿದ್ದಳು.

ದೊಡ್ಡ ಗೆಲುವು ಬಂದರೆ ಕ್ಯಾಸಿನೊದವರು ಅವಳ ಗುರುತಿನ ಚೀಟಿ ನೋಡಿ, ತೆರಿಗೆಯ ಕಾಗದ ಬರೆದು, ಹಣ ಕೈಗಿಡುತ್ತಿದ್ದರು. ಅದನ್ನೂ ಯಂತ್ರದ ಬಾಯಿಗೇ ಹಾಕಿ, ಬಂದ ದಾರಿಗೆ ಸುಂಕವಿಲ್ಲ ಎಂದು ಮನೆಗೆ ಮರಳುವುದು ಅವಳ ರೂಢಿ.

ಆ ಕಾಗದಗಳನ್ನು ಒಂದು ದಿನ ಪಕ್ಕದ ಮನೆಯ ರಮೋನಾಳಿಗೆ ತೋರಿಸಿದಳು. ರಮೋನಾ ಹಿರಿಯರ ಕೇಂದ್ರದಲ್ಲಿ ತೆರಿಗೆ ಲೆಕ್ಕಕ್ಕೆ ನೆರವಾಗುವವಳು.

"ಗೆದ್ದಿದ್ದು ನಿನ್ನ ಹೆಸರಲ್ಲಿದೆ. ಸೋತಿದ್ದು?"

"ವೆಂಡೆಲ್ ಕಾರ್ಡಲ್ಲಿ."

"ಸತ್ತೋನು ಸೋತಿದ್ದನ್ನ ನಿನ್ನ ಲೆಕ್ಕದಲ್ಲಿ ಕಳೀರಿ ಅಂದ್ರೆ ತೆರಿಗೆಯೋರು ಒಪ್ತಾರೇನೇ?"

ಡೊರೀನ್ ನಕ್ಕುಬಿಟ್ಟಳು. "ಬಂದಿದ್ದೆಲ್ಲ ಹೋಯ್ತಲ್ಲೇ. ಇಲ್ಲದ ದುಡ್ಡಿಗೆ ಎಂಥ ತೆರಿಗೆ?"

ರಮೋನಾ ನಗಲಿಲ್ಲ. ಬಿಡಿಸಿ ಹೇಳಿದಳು. ತೆರಿಗೆ ಲೆಕ್ಕದಲ್ಲಿ ಖರ್ಚುಗಳನ್ನು ಒಂದೊಂದಾಗಿ ತೋರಿಸುವವರಿಗೆ ಮೊದಲು ಗೆಲುವಿನಷ್ಟೂ ಸೋಲನ್ನು ಕಳೆಯಲು ಬಿಡುತ್ತಿದ್ದರು. 2026ರಿಂದ ಸೋತ ನೂರಕ್ಕೆ ತೊಂಬತ್ತು ಮಾತ್ರ. ನಲವತ್ತು ಸಾವಿರ ಡಾಲರ್ ಗೆದ್ದು ಅಷ್ಟನ್ನೂ ಸೋತರೂ, ಉಳಿದ ನಾಲ್ಕು ಸಾವಿರ ಆದಾಯವೆಂದೇ ಲೆಕ್ಕ. ಸೋಲಿಗೆ ಪುರಾವೆ ಇಲ್ಲದಿದ್ದರೆ ಪೂರಾ ನಲವತ್ತು ಸಾವಿರಕ್ಕೂ ತೆರಿಗೆ ಬೀಳುತ್ತದೆ. ಹಳೆಯ ನಿಯಮವೇ ಮರಳಲಿ ಎಂದು ಸಂಸತ್ತಿನಲ್ಲಿ ಕೆಲವರು ಮಸೂದೆ ತಂದಿದ್ದಾರೆ, ಆದರೆ ಅಳದಿದ್ದರೆ ತಾಯಿಯೂ ಹಾಲು ಕೊಡುವುದಿಲ್ಲ, ನಾವೂ ಕೇಳಬೇಕು ಎಂದಳು.

"ಇಲ್ಲೀವರೆಗಿಂದಕ್ಕೆ ನೀನು ಬ್ಯಾಂಕಿಂದ ದುಡ್ಡು ತೆಗೆದ ರಸೀದಿ ಹುಡುಕೋಣ. ಆ ಕಾರ್ಡು ಮಾತ್ರ ವಾಪಸ್ ಕೊಟ್ಬಿಡು."

ಡೊರೀನ್ ಚೀಲದಿಂದ ಕಾರ್ಡು ತೆಗೆದು ಅಂಗೈಯಲ್ಲಿಟ್ಟುಕೊಂಡಳು. "ಅದೂ ಹೋದ್ರೆ ಅವನ ಹೆಸರು ಹಿಡಿದು ಕರೆಯೋರು ಯಾರೂ ಉಳಿಯಲ್ಲ ಕಣೆ."

"ನಾನು ಕರೀತೀನಿ. ಟ್ರಕ್ ಹಿಂದಕ್ಕೆ ತಗೊಂಡು ನನ್ನ ಬೇಲಿ ಮುರಿದೋನು ಅವನು. ನಾನು ಮರೀತೀನಾ?"

ಮರುದಿನ ಇಬ್ಬರೂ ಹೋಗಿ ಕಾರ್ಡು ಕೊಟ್ಟರು. ಕೌಂಟರಿನ ಹುಡುಗಿ ಅದನ್ನು ಕತ್ತರಿಸಿ ಬುಟ್ಟಿಗೆ ಹಾಕಿದಳು. ಡೊರೀನ್‌ಗೆ ಅಳು ಬಂತು. ವೆಂಡೆಲ್ ಸತ್ತ ದಿನವೂ ಅಷ್ಟು ಅತ್ತಿರಲಿಲ್ಲ. ರಮೋನಾ ಅವಳ ಕೈ ಬಿಡಲಿಲ್ಲ. ಆಮೇಲೆ ರಮೋನಾಳ ಅಡುಗೆಮನೆಯಲ್ಲಿ ಕೂತು ತಮ್ಮ ಸಂಸದರಿಗೆ ಪತ್ರ ಬರೆದರು.

ಓದುವವರೇ, ಆಡುವುದಾದರೆ ನಿಮ್ಮ ಹೆಸರಿನ ಕಾರ್ಡಿನಲ್ಲೇ ಆಡಿ. ಎಲ್ಲಿ ಎಷ್ಟು ಗೆದ್ದಿರಿ, ಎಷ್ಟು ಸೋತಿರಿ, ಅಂದಂದೇ ಬರೆದಿಡಿ. ನಿಯಮ ಬದಲಾಗಬೇಕೆನಿಸಿದರೆ ಸಂಸದರಿಗೆ ನಾಲ್ಕು ಸಾಲು ಬರೆಯಿರಿ. ತೀರಿಹೋದವರ ಕಾರ್ಡು ನಿಮ್ಮಲ್ಲಿದ್ದರೆ ಹಿಂದಿರುಗಿಸಿ. ಕಷ್ಟವಾಗುತ್ತದೆ, ಸುಳ್ಳು ಹೇಳುವುದಿಲ್ಲ. ಒಬ್ಬರೇ ಹೋಗಬೇಡಿ, ಪಕ್ಕದ ಮನೆಯವರನ್ನು ಕರೆದುಕೊಂಡು ಹೋಗಿ.