ಮೂವತ್ತನೆಯ ದಿನದ ಮೊಹರು

ಕಾರ್ಖಾನೆಯ ಪ್ರೆಸ್ಸು ಫಿಟ್ಟರನ ಬಲಗೈಯ ಎರಡು ಬೆರಳು ನುಂಗಿ ಅಂದಿಗೆ ಸರಿಯಾಗಿ ಮೂವತ್ತು ದಿನ. ವಿಮಾ ಕಚೇರಿಗೆ ಪರಿಹಾರದ ಅರ್ಜಿ ಕೊಡಲು ಅದೇ ಕಡೆಯ ದಿನ. ದಾಟಿದರೆ ಬೆರಳೂ ಇಲ್ಲ, ಪರಿಹಾರವೂ ಇಲ್ಲ.

ಅವನೇನು ಕೈಕಟ್ಟಿ ಕೂತವನಲ್ಲ. ಮೂರನೆಯ ದಿನವೇ, ಹಸಿ ಗಾಯದ ಪಟ್ಟಿಯೊಡನೆ, ಅಕ್ಕನನ್ನು ಕರೆದುಕೊಂಡು ಇದೇ ಕಿಟಕಿಗೆ ಬಂದಿದ್ದ.

"ಹದಿನಾಲ್ಕು ದಿನ ಕಾಯಬೇಕು. ತಾನಾಗೇ ವಾಸಿಯಾಗುತ್ತೋ ಏನೋ ನೋಡ್ಬೇಕಲ್ಲಪ್ಪಾ" ಎಂದಿದ್ದ ಗುಮಾಸ್ತ.

"ಗಾಯ ಮಾಯುತ್ತೆ ಸಾರ್, ಬೆರಳು ಚಿಗುರುತ್ತಾ?" ಎಂದು ಅಕ್ಕ ಕೇಳಿದ್ದಳು. ಗುಮಾಸ್ತ ನಿಯಮದ ಪುಸ್ತಕ ತೆರೆದು ಆ ಸಾಲಿನ ಮೇಲೆ ಬೆರಳಿಟ್ಟು ತೋರಿಸಿದ್ದ.

ಹದಿನಾಲ್ಕು ದಿನ ಕಳೆದ ಮೇಲೆ ಡಾಕ್ಟರ ಸರ್ಟಿಫಿಕೇಟು ಬೇಕೆಂದರು. ಡಾಕ್ಟರು ರಜೆಯಿಂದ ಬಂದದ್ದು ಇಪ್ಪತ್ತೊಂಬತ್ತನೆಯ ದಿನ. ಕಾಯುವವನಿಗೆ ಗಡುವು ಕೊಟ್ಟ ಮಹಾನುಭಾವರು ಕಾಯಿಸುವವರಿಗೆ ಯಾಕೆ ಕೊಡಲಿಲ್ಲವೋ!

ಈಗ ಸಾಲು ಕರಗಿ ಅಕ್ಕ-ತಮ್ಮನ ಸರದಿ ಬಂದಾಗ ಗುಮಾಸ್ತನ ತಾರೀಕಿನ ಮೊಹರು ಕೆಟ್ಟು ಕೂತಿತ್ತು. ಚಕ್ರ ಹಿಂದಿನ ದಿನದಿಂದ ಮುಂದೆ ಹೋಗುತ್ತಿಲ್ಲ. ಮುಂದಿದ್ದವರನ್ನೆಲ್ಲ ಮೊಹರಿಲ್ಲದೆ ವಾಪಸು ಕಳಿಸಿದ್ದ.

"ನಾಳೆ ಬನ್ನಿ."

"ನಾಳೆ ಗಡುವು ಮೀರುತ್ತೆ ಸಾರ್. ಪೆನ್ನಲ್ಲೇ ಬರೆದುಕೊಳ್ಳಿ."

"ಕೈಬರಹ ನಡಿಯಲ್ಲ. ಮೊಹರಲ್ಲಿರೋ ತಾರೀಕೇ ತಾರೀಕು."

"ಹಾಗಾದ್ರೆ ಇಲ್ಲಿ ಕೊಡಿ, ನೋಡ್ತೀನಿ."

ಎಡಗೈಯಲ್ಲಿ ಅಕ್ಕನ ಹೇರ್‌ಪಿನ್ನು ಹಿಡಿದು, ವರ್ಷಗಳ ಶಾಯಿಯ ಕೊಳೆಯನ್ನು ಕೆರೆದು ಫಿಟ್ಟರ್ ಚಕ್ರವನ್ನು ಅಂದಿನ ತಾರೀಕಿಗೆ ತಂದ. ಅಷ್ಟರಲ್ಲಿ ಗುಮಾಸ್ತ ಗೋಡೆಯ ಗಡಿಯಾರ ನೋಡಿದ.

"ಐದಾಯ್ತು. ಕೊಡಪ್ಪಾ, ಕಿಟಕಿ ಮುಚ್ಚಬೇಕು."

ಅಕ್ಕನ ಕಣ್ಣಲ್ಲಿ ನೀರು ತುಂಬಿತು. ಫಿಟ್ಟರನಿಗೆ ಮೈಯೆಲ್ಲ ಉರಿಯಿತು. ಬಾಯಿ ಮಾತ್ರ ತಣ್ಣಗಿತ್ತು. "ಒಂದ್ನಿಮಿಷ ಸಾರ್, ಸ್ವಲ್ಪ ಸಡಿಲ ಇದೆ." ಪಿನ್ನಿನ ತುದಿಯಿಂದ ಅಂಕಿಗಳ ರಬ್ಬರ್ ಪಟ್ಟಿಯನ್ನು ಚಕ್ರದ ಹಲ್ಲಿನಿಂದ ಬಿಡಿಸಿ ಮೊಹರು ಹಿಂದಿರುಗಿಸಿದ. ಇನ್ನು ಚಕ್ರ ಟಕ್ಕೆಂದು ತಿರುಗುತ್ತದೆ, ತಾರೀಕು ಅಲ್ಲಾಡುವುದಿಲ್ಲ.

ಮರುದಿನ ಅವನು ಅಕ್ಕನೊಡನೆ ಬೇಕೆಂದೇ ಸಾಲಿನ ಕೊನೆಯಲ್ಲಿ ನಿಂತ. ಗುಮಾಸ್ತ ಚಕ್ರವನ್ನು ಟಕ್ಕೆನಿಸಿ, ಎಂದಿನಂತೆ ನೋಡದೆ ಕುಟ್ಟುತ್ತಾ ಹೋದ. ನಲವತ್ತು ಅರ್ಜಿ. ಕೊನೆಗೆ ಇವನದು.

"ಪಾಪ, ಒಂದೇ ದಿನಕ್ಕೆ ಹೋಯ್ತಲ್ಲೋ" ಎನ್ನುತ್ತಾ ಮೊಹರು ಒತ್ತಿದ. ತಳ್ಳಿಹಾಕಲು ದಿನ ಎಣಿಸಬೇಕಲ್ಲ, ಎಣಿಸಿದ. ಮೂವತ್ತು. ಕ್ಯಾಲೆಂಡರ್ ನೋಡಿದ. ಹಿಂದಿನ ಅರ್ಜಿ ತೆಗೆದ, ಅದರ ಹಿಂದಿನದನ್ನೂ ತೆಗೆದ. ಎಲ್ಲದರ ಮೇಲೂ ನಿನ್ನೆಯ ತಾರೀಕು. ಒಂದು ತಪ್ಪೆಂದರೆ ನಲವತ್ತೊಂದೂ ತಪ್ಪು. ಸಾಹೇಬರಿಗೆ ಉತ್ತರ ಕೊಡುವವರು ಯಾರು? ಮುಖ ಇಂಗು ತಿಂದ ಮಂಗನಂತಾಯಿತು.

"ಮೊಹರಲ್ಲಿರೋ ತಾರೀಕೇ ತಾರೀಕು, ಅಲ್ವಾ ಸಾರ್?" ಎಂದಳು ಅಕ್ಕ.

ಗುಮಾಸ್ತ ಸ್ವೀಕೃತಿಯ ಚೀಟಿ ಹರಿದು ಕೊಟ್ಟ. ಆಮೇಲೆ ದನಿ ತಗ್ಗಿಸಿ ಕೇಳಿದ, "ಇದನ್ನ ಸರಿ ಮಾಡ್ತೀಯೇನಪ್ಪಾ?"

ಫಿಟ್ಟರ್ ಚೀಟಿಯನ್ನು ಮಡಚಿ ಜೇಬಿಗಿಟ್ಟ.

"ಮಾಡ್ತೀನಿ ಸಾರ್. ಹದಿನಾಲ್ಕು ದಿನ ಕಾಯಿರಿ. ತಾನಾಗೇ ವಾಸಿಯಾಗುತ್ತೋ ಏನೋ ನೋಡ್ಬೇಕಲ್ಲ."