‘ರಿ’ ಇಲ್ಲದ ದೀಪ

ಧಾರವಾಡದಲ್ಲಿ ಮರ್ಯಾದೆಯ ‘ರಿ’ ಹಚ್ಚದೆ ಮಾತಾಡುವುದು ಸಣ್ಣ ಸಂಗತಿಯಲ್ಲ, ಬೀಗತನಗಳು ಮುರಿದಿವೆ. ಆದ್ದರಿಂದ ೧೯೬೮ರ ಜುಲೈಯಲ್ಲಿ, ಲಕಮನಹಳ್ಳಿ ಕಡೆಯ ಒಂದು ಕಚೇರಿಯ ಕಂಪ್ಯೂಟರು ‘ರಿ’ ಇಲ್ಲದೆ ಮಾತಾಡಿತೆಂಬುದನ್ನು ಇಲ್ಲಿ ಗಂಭೀರವಾಗಿ ದಾಖಲಿಸಬೇಕಾಗಿದೆ.

ಅದು ಆಡುತ್ತಿದ್ದುದು ಒಂದೇ ಮಾತು. ಬೀರುವಿನಷ್ಟು ಎತ್ತರದ ಯಂತ್ರದ ಎದೆಯ ಮೇಲೆ ಒಂದು ಹಳದಿ ದೀಪ, ದೀಪದ ಮೇಲೆ ಇಂಗ್ಲಿಷಿನಲ್ಲಿ ‘ವೇಟ್’. ಎಂಜಿನಿಯರು ಬೆಳಿಗ್ಗೆ ಕಚೇರಿಯ ಸ್ವಂತ ಕೆಲಸ ಹಚ್ಚುತ್ತಿದ್ದ. ಆಗ ದೀಪ ಆರಿ ಮುದ್ರಣಯಂತ್ರ ಖಟಖಟ ಅನ್ನುತ್ತಿತ್ತು. ಕೆಲಸ ನಡೆದಿದೆಯೆಂದು ಕಾರಕೂನ ಹೊಳೆಯಪ್ಪ ಲೆಕ್ಕ ಮಾಡಿಸಲು ಬಂದ ಹೊರಗಿನವರನ್ನು ಬೆಂಚಿನ ಮೇಲೆ ಕೂಡಿಸುತ್ತಿದ್ದ. ಎಂಜಿನಿಯರು ಹೋದ ಮೇಲೆ ದೀಪ ಹೊತ್ತುತ್ತಿತ್ತು. ದೀಪವೇ ಹೇಳಿದೆಯೆಂದು ಆಗಲೂ ಕೂಡಿಸುತ್ತಿದ್ದ.

ಮಾಳಮಡ್ಡಿಯ ಸಂಶೋಧನಾ ವಿದ್ಯಾರ್ಥಿನಿ ಸತ್ಯವ್ವ, ಯಂತ್ರ ಓದುವಂತೆ ತೂತು ಹೊಡೆದ ಆರುನೂರು ಕಾರ್ಡುಗಳ ಪೆಟ್ಟಿಗೆಯನ್ನು ತೊಡೆಯ ಮೇಲಿಟ್ಟುಕೊಂಡು ಐದು ದಿನ ಆ ಬೆಂಚು ಸವೆಸಿದಳು. ಮೂರು ವರ್ಷ ಅವಳು ಅಳೆದ ಹತ್ತಿಯ ಎಳೆಗಳ ಅಳತೆಗಳೆಲ್ಲ ಅದರಲ್ಲಿದ್ದವು. ಶನಿವಾರ ಒಂದು ಗಂಟೆಯೊಳಗೆ ಫಲಿತಾಂಶ ಸೇರಿಸಿ ಪ್ರಬಂಧ ಒಪ್ಪಿಸದಿದ್ದರೆ ಇನ್ನೊಂದು ವರ್ಷ ಹೋಗುತ್ತಿತ್ತು. ಆ ವರ್ಷವನ್ನು ಮನೆಯವರು ಆಗಲೇ ಒಬ್ಬ ವರನಿಗೆ ಎತ್ತಿಟ್ಟಿದ್ದರು.

ಮೊದಲ ದಿನ ಅವಳು ಹೊಳೆಯಪ್ಪನನ್ನು ನಂಬಿದಳು. ಎರಡನೆಯ ದಿನದಿಂದ ಅವನನ್ನು ಬಿಟ್ಟು ಯಂತ್ರವನ್ನು ನೋಡತೊಡಗಿದಳು. ಶುಕ್ರವಾರ ಮಧ್ಯಾಹ್ನ, ದೀಪ ಉರಿಯುತ್ತಿರುವಾಗ, ಎದ್ದು ಬಂದಳು.

“ಕಾಕಾ, ಈ ದೀಪ ಏನ ಅಂತೈತ್ರಿ?”

“ನಿಂದರು ಅಂತೈತಿ. ಸಾಹೇಬ್ರು ವಿಚಾರ ಮಾಡಾಕತ್ತಾರ.” ಸಾಹೇಬರೆಂದರೆ ಯಂತ್ರ.

“ನಿಂದರು? ಇಪ್ಪತ್ತ ವರ್ಷ ನೌಕರಿ ಮಾಡಿದ ನಿಮಗ ಒಂದ ‘ರಿ’ ಹಚ್ಚಾಕ ಆಗಲಿಲ್ಲೇನ್ರಿ ಅವ್ರಿಗೆ?”

ಹೊಳೆಯಪ್ಪನಿಗೆ ಇದು ನಾಟಿತು. “ಇಂಗ್ಲೀಷಿನ್ಯಾಗ ‘ರಿ’ ಎಲ್ಲಿಂದ ತರೋದವಾ? ಆ ಭಾಷಾನ ಬೋಳು.”

“ಬೋಳ ಐತಿ ಅಂತನ ಯಾರು ಕಾಯಾಕತ್ತಾರ ತಿಳಿವಲ್ದು. ಕನ್ನಡದಾಗ ಇದ್ದಿದ್ರ ‘ಕಾಯ್ರಿ’ ಅಂತಿತ್ತು, ಇಲ್ಲಾ ‘ಕಾಯಾಕತ್ತೇನಿ’ ಅಂತಿತ್ತು. ನಾಕ ದಿನ ನೋಡೀನ್ರಿ. ದೀಪ ಹತ್ತಿದಾಗ ಒಂದ ಚಕ್ರ ತಿರಗಿಲ್ಲ, ಒಂದ ಹಾಳಿ ಹೊರಗ ಬಂದಿಲ್ಲ. ವಿಚಾರಿಲ್ಲ, ಗಿಚಾರಿಲ್ಲ. ಕೆಲಸಿಲ್ದ ಖಾಲಿ ಕುಂತೈತಿ.”

“ಅಂದ್ರ ಸಾಹೇಬ್ರು ನಮ್ಮನ್ನ ಕಾಯಾಕತ್ತಾರ?”

“ಅವರು ನನ್ನ, ನಾ ಅವರನ್ನ. ನಡುವ ನೀವು.”

“ಏನರ ಕೆಟ್ರ?”

“ನನ್ನ ಹೆಸರ ಬರಕೊಳ್ರಿ,” ಎಂದವಳು ರಿಜಿಸ್ಟರು ಎಳೆದು ತಾನೇ ಸಹಿ ಹಾಕಿದಳು.

ಹೊಳೆಯಪ್ಪ ಟೊಪ್ಪಿಗೆ ತೆಗೆದಿಟ್ಟು, ಎಂಜಿನಿಯರು ದಿನಾ ಮಾಡುತ್ತಿದ್ದಂತೆಯೇ ಕಾರ್ಡುಗಳನ್ನು ಹೊಂದಿಸಿ, ಮುಖ ಆ ಕಡೆ ತಿರುಗಿಸಿ ಗುಂಡಿ ಒತ್ತಿದ. ಹಳದಿ ದೀಪ ಆರಿತು. ಕಾರ್ಡುಗಳು ಸರಸರ ಒಳಗೆ ಹೋದವು. ಹನ್ನೊಂದು ನಿಮಿಷದಲ್ಲಿ ಹಾಳೆಗಳು ಅವಳ ಕೈಗೆ ಬಂದವು, ದೀಪ ಮತ್ತೆ ಹೊತ್ತಿತು.

“ಪಾಪ, ಮತ್ತ ಕಾಯಾಕತ್ತಾರ,” ಎಂದ ಹೊಳೆಯಪ್ಪ ಬೆಂಚಿನ ಮೇಲೆ ಉಳಿದವರತ್ತ ತಿರುಗಿ ಗದರಿದ: “ಏನ ಕುಂತೀರ್ರಿ? ಲಗೂ ಬರ್ರಿ!”

ಶನಿವಾರ ಹನ್ನೆರಡೂವರೆಗೆ ಸತ್ಯವ್ವ ಪ್ರಬಂಧ ಒಪ್ಪಿಸಿದಳು.